ಚೆಂಡು ಒಂದೇ, ಲೋಟ ಬೇರೆ: ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಕತೆ

ಭಾನುವಾರ ಬೆಳಿಗ್ಗೆ ಹೊಸಪೇಟೆಯ ಯಾವ ಖಾಲಿ ಬಯಲಿಗೆ ಹೋದರೂ ಟೆನಿಸ್ ಬಾಲ್ ಕ್ರಿಕೆಟ್ ನಡೆದಿರುತ್ತದೆ. ಸಂಡೂರಿನಲ್ಲಿ ಅದಿರು ಲಾರಿಗಳ ಕೆಂಪು ಧೂಳಿನ ಪಕ್ಕದಲ್ಲಿ, ಕಂಪ್ಲಿಯಲ್ಲಿ ಭತ್ತ ಕೊಯ್ದು ಖಾಲಿಯಾದ ಗದ್ದೆಯಲ್ಲಿ, ಹಂಪಿ ದಾರಿಯ ಊರುಗಳ ಶಾಲೆ ಮೈದಾನದಲ್ಲಿ ಕಲ್ಲು ಪೇರಿಸಿಯೋ ಕಟ್ಟಿಗೆ ನೆಟ್ಟೋ ಸ್ಟಂಪ್ ಮಾಡಿಕೊಂಡು ಹುಡುಗರು ಆಡುತ್ತಿರುತ್ತಾರೆ. ಇಲ್ಲಿ ನಿಂತು ಜಾತಿ ಬಗ್ಗೆ ಮಾತು ತೆಗೆದರೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ. ಆಟದಲ್ಲಿ ಜಾತಿ ಎಲ್ಲಿಂದ ಬಂತು, ಚೆನ್ನಾಗಿ ಆಡಿದವನು ಟೀಮಿಗೆ ಬರ್ತಾನೆ, ಅಷ್ಟೇ.

ಈ ಮಾತನ್ನು ನಂಬಬೇಕು ಅಂತ ನಮಗೆಲ್ಲ ಆಸೆ. ಆದರೆ ಇದನ್ನು ಪರೀಕ್ಷೆಗೆ ಹಚ್ಚಲು ಒಂದು ಇಡೀ ಬದುಕೇ ನಮ್ಮ ಮುಂದಿದೆ. ಹೊಸಪೇಟೆಯಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿ, ಕೊಪ್ಪಳ, ಗದಗ ದಾಟಿ, ಹುಬ್ಬಳ್ಳಿಯ ಆಚೆ ಇಳಿದರೆ ಧಾರವಾಡ. ಅಲ್ಲಿ 1870ರ ದಶಕದ ಮಧ್ಯದಲ್ಲಿ ಚಮ್ಮಾರ ಕುಟುಂಬವೊಂದರಲ್ಲಿ ಹುಟ್ಟಿದ ಒಬ್ಬ ಹುಡುಗ ಮುಂದೆ ಈ ದೇಶದ ಮೊದಲ ದೊಡ್ಡ ಬೌಲರ್ ಆದರು. ಹೆಸರು ಪಾಲ್ವಣಕರ್ ಬಾಲೂ. ಚೆನ್ನಾಗಿ ಆಡಿದವನಿಗೆ ಏನೇನು ಸಿಗುತ್ತದೆ, ಏನೇನು ಸಿಗುವುದಿಲ್ಲ ಎಂಬುದು ಅವರ ಬದುಕಿನಲ್ಲಿ ಲೆಕ್ಕ ಹಾಕಿದಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಹಂಗಂತ ಅವರನ್ನು ಅವಸರದಲ್ಲಿ ಕನ್ನಡಿಗ ಅಂತ ಕ್ಲೇಮ್ ಮಾಡೋದು ಬೇಡ. ಕುಟುಂಬದ ಮೂಲ ಕೊಂಕಣದ ಪಾಲ್ವಣ ಎಂಬ ಊರು, ಮನೆಹೆಸರು ಬಂದದ್ದೂ ಅಲ್ಲಿಂದಲೇ. ಅಪ್ಪನಿಗೆ ಸೇನೆಯ ಕೆಲಸ. ಆ ಕೆಲಸದ ಹಿಂದೆಯೇ ಕುಟುಂಬ ಪುಣೆಗೆ ಹೋಯಿತು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಹೊಸಪೇಟೆ, ಕಂಪ್ಲಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು, ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಗಡಿಗಳು ಬೇರೆ ಬೇರೆ ಇದ್ದರೂ ಊರ ಹೊರಗಿನ ಕೇರಿ ಎಲ್ಲ ಕಡೆಯೂ ಇತ್ತು.

ತಿಂಗಳಿಗೆ ಮೂರು ರೂಪಾಯಿ

ಪುಣೆಯಲ್ಲಿ ಬಾಲೂ ಮತ್ತು ತಮ್ಮ ಶಿವರಾಮ್ ಕ್ರಿಕೆಟ್ ಕಲಿತದ್ದು ಬಿಳಿಯ ಅಧಿಕಾರಿಗಳು ಆಡಿ ಬಿಸಾಕಿದ ಬ್ಯಾಟು, ಚೆಂಡುಗಳಲ್ಲಿ. ಬಾಲೂ ಅವರಿಗೆ ಸಿಕ್ಕ ಮೊದಲ ಕೆಲಸ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸಬೇಕು, ರೋಲರ್ ಎಳೆಯಬೇಕು, ಯಾರಾದರೂ ಕರೆದರೆ ನಾಲ್ಕು ಚೆಂಡು ಎಸೆಯಬೇಕು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಅವರು ಬಿಳಿಯರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ ಸಂಬಳ 4 ರೂಪಾಯಿ. ಕೆಲಸ ಅದೇ: ರೋಲರ್, ನೆಟ್ ಕಟ್ಟುವುದು, ಗೆರೆ ಹಾಕುವುದು.

ಇದನ್ನು ಗಮನಿಸಿ. ಆ ಕಾಲದ ಅಧಿಕಾರಿಗಳಿಗೆ, ರಾಜರಿಗೆ, ವಕೀಲರಿಗೆ ಕ್ರಿಕೆಟ್ ಸಂಜೆಯ ಹವ್ಯಾಸ. ಬಾಲೂ ಅವರಿಗೆ ಅದು ಹೊಟ್ಟೆಪಾಡು. ಇವತ್ತು ನಾವು ವೃತ್ತಿಪರ ಆಟಗಾರ ಅನ್ನುವಾಗ ಕೋಟಿಗಳ ಹರಾಜು ಕಣ್ಣಿಗೆ ಬರುತ್ತದೆ. ಈ ದೇಶದ ಮೊದಲ ವೃತ್ತಿಪರ ಆಟಗಾರರಲ್ಲಿ ಒಬ್ಬರ ವೃತ್ತಿ ಶುರುವಾದದ್ದು ಪೊರಕೆಯಿಂದ.

ಪೂನಾ ಕ್ಲಬ್ಬಿನ ಬಿಳಿಯರಿಗೆ ನೆಟ್‌ನಲ್ಲಿ ಬೌಲ್ ಮಾಡಲು ಯಾರಾದರೂ ಬೇಕಿತ್ತು. ಈ ಹುಡುಗ ಎಡಗೈಯಲ್ಲಿ ನಿಧಾನವಾಗಿ ಎಸೆಯುತ್ತಾನೆ, ಚೆಂಡು ಎರಡೂ ಕಡೆ ತಿರುಗುತ್ತದೆ, ಜಾಗ ತಪ್ಪುವುದಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. ಜೆ.ಜಿ. ಗ್ರೇಗ್ ಎಂಬ ಸೇನಾಧಿಕಾರಿ ಆಗ ಆ ಭಾಗದ ಅತ್ಯುತ್ತಮ ಬಿಳಿಯ ಬ್ಯಾಟ್ಸ್‌ಮನ್. ಅವರು ಉಳಿದವರಿಗಿಂತ ಒಂದು ಗಂಟೆ ಮೊದಲೇ ಬಂದು ಬಾಲೂ ಎದುರು ಅಭ್ಯಾಸ ಮಾಡುತ್ತಿದ್ದರು. ಔಟ್ ಮಾಡಿದ ಪ್ರತಿ ಸಲವೂ ಎಂಟಾಣೆ ಕೊಡುತ್ತಿದ್ದರು ಅಂತ ಒಂದು ಕತೆ ಇದೆ. ಅದು ನಿಜವೋ ಉತ್ಪ್ರೇಕ್ಷೆಯೋ, ಸಾವಿರಾರು ಗಂಟೆ ಹಂಗೆ ಬೌಲ್ ಮಾಡಿದ್ದಂತೂ ನಿಜ.

ಆದರೆ ಅಷ್ಟು ವರ್ಷಗಳಲ್ಲಿ ಆ ಕ್ಲಬ್ಬಿನಲ್ಲಿ ಒಮ್ಮೆಯೂ ಅವರ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಯಜಮಾನರದು, ಬೌಲಿಂಗ್ ಬೆವರು ಸುರಿಸುವವರದು. ಜಾತಿ ಗೊತ್ತಿಲ್ಲದ ಬಿಳಿಯರಿಗೂ ಶ್ರಮದ ಮೇಲು ಕೀಳು ಚೆನ್ನಾಗಿಯೇ ಗೊತ್ತಿತ್ತು.

ಪೆವಿಲಿಯನ್ ಹೊರಗಿನ ಮಣ್ಣಿನ ಕುಡಿಕೆ

ಪುಣೆಯ ಹಿಂದೂ ಕ್ಲಬ್ಬಿಗೆ ಬಿಳಿಯರನ್ನು ಸೋಲಿಸುವ ಹಟ. ಸೋಲಿಸಬಲ್ಲ ಬೌಲರ್ ಅದೇ ಊರಲ್ಲಿದ್ದಾನೆ, ಆದರೆ ಅಸ್ಪೃಶ್ಯ. ಏನು ಮಾಡೋದು? ಕ್ಲಬ್ಬಿನ ತೆಲುಗು ಸದಸ್ಯರು ಸೇರಿಸಿಕೊಳ್ಳೋಣ ಅಂದರು, ಬ್ರಾಹ್ಮಣ ಸದಸ್ಯರಲ್ಲಿ ಒಮ್ಮತ ಇರಲಿಲ್ಲ. ಇಂಥ ಆಟಗಾರನನ್ನು ಬಿಟ್ಟರೆ ಹಿಂದೂಗಳು ಮೂರ್ಖರಾಗುತ್ತಾರೆ ಎಂಬರ್ಥದಲ್ಲಿ ಗ್ರೇಗ್ ಪತ್ರಿಕೆಯವರ ಮುಂದೆ ಹೇಳಿದ ಮೇಲೆ ವಾದ ಒಂದು ಕಡೆ ವಾಲಿತು. ಬಾಲೂ ತಂಡಕ್ಕೆ ಬಂದರು.

ಬಂದದ್ದು ಮೈದಾನಕ್ಕೆ ಮಾತ್ರ. ಬ್ರಾಹ್ಮಣ ಫೀಲ್ಡರ್ ಮುಟ್ಟಿದ ಚೆಂಡನ್ನೇ ಇವರು ಮುಟ್ಟುತ್ತಿದ್ದರು, ಇವರು ಮುಟ್ಟಿದ್ದನ್ನೇ ಅವರು ಹಿಡಿಯುತ್ತಿದ್ದರು. ಅಲ್ಲಿ ಮೈಲಿಗೆ ಇಲ್ಲ. ಆದರೆ ಚಹಾ ವಿರಾಮ ಬಂದರೆ ತಂಡದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿಯುವರು, ಬಾಲೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ. ಕುಡಿದ ಮೇಲೆ ಅದನ್ನು ಎಸೆಯುವುದು. ಕೈ ಮುಖ ತೊಳೆಯಬೇಕಾದರೆ ಒಬ್ಬ ಅಸ್ಪೃಶ್ಯ ಆಳು ಮೂಲೆಯಲ್ಲಿ ನಿಂತು ನೀರು ಹುಯ್ಯಬೇಕು. ಮಧ್ಯಾಹ್ನದ ಊಟ ಬೇರೆ ತಟ್ಟೆ, ಬೇರೆ ಮೇಜು.

ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಟೆಲ್ಲಿನ ಎರಡು ಲೋಟದ ಕತೆ ಕೇಳದೆ ಬೆಳೆದವರು ಕಡಿಮೆ. ಬಾಲೂ ಬದುಕು ತೋರಿಸುವುದು ಇನ್ನೊಂದು ಸಂಗತಿಯನ್ನು. ಅಸ್ಪೃಶ್ಯತೆ ಎಲ್ಲ ಕಡೆ ಒಂದೇ ಥರ ಕೆಲಸ ಮಾಡುವುದಿಲ್ಲ. ಎಲ್ಲಿ ಲಾಭ ಇದೆಯೋ ಅಲ್ಲಿ ಮುಟ್ಟಿಸಿಕೊಳ್ಳುತ್ತದೆ, ಎಲ್ಲಿ ಸಮಾನತೆ ಒಪ್ಪಬೇಕೋ ಅಲ್ಲಿ ದೂರ ನಿಲ್ಲಿಸುತ್ತದೆ. ವಿಕೆಟ್ ಬೇಕು, ಪಕ್ಕದಲ್ಲಿ ಕೂತು ಚಹಾ ಕುಡಿಯೋದು ಬೇಡ.

ಸಾತಾರದಲ್ಲಿ ಬಿಳಿಯರ ಜಿಮ್ಖಾನಾ ವಿರುದ್ಧ ಆಡಿದಾಗ ಆತಿಥೇಯರು ಬಾಲೂ ಸ್ಪಿನ್ ಕೆಲಸ ಮಾಡಬಾರದೆಂದು ಪಿಚ್ಚನ್ನು ದಿನಗಟ್ಟಲೆ ಉರುಳಿಸಿ ಗಟ್ಟಿ ಮಾಡಿದ್ದರು. ಅವರು 7 ವಿಕೆಟ್ ತೆಗೆದರು. ಪುಣೆಗೆ ಮರಳಿದಾಗ ಸನ್ಮಾನ ನಡೆಯಿತು. ಜೊತೆಗೆ ಆಡಬಹುದಾದರೆ ಜೊತೆಗೆ ಕೂತು ಉಣ್ಣಲೂಬಹುದಲ್ಲ ಎಂಬ ಪ್ರಶ್ನೆಯನ್ನು ಸಾರ್ವಜನಿಕವಾಗಿ ಎತ್ತಿದವರು ಮಹಾದೇವ ಗೋವಿಂದ ರಾನಡೆ. ಸಾರ್ವಜನಿಕ ಸಭೆಯಲ್ಲಿ ತಿಲಕರೂ ಬಾಲೂ ಅವರನ್ನು ಹೊಗಳಿದರು. ಕುಡಿಕೆ ಮಾತ್ರ ಅಷ್ಟಕ್ಕೇ ಬದಲಾಗಲಿಲ್ಲ.

ಗೆದ್ದ ಮೇಲೆ ತೆರೆದ ಬಾಗಿಲು

1896ರ ಹೊತ್ತಿಗೆ ಪ್ಲೇಗ್ ಬಂತು. ಬಾಲೂ ಮುಂಬೈ ಸೇರಿದರು. ಸೇನೆಯಲ್ಲಿ, ಆಮೇಲೆ ರೈಲ್ವೆಯಲ್ಲಿ ಕೆಲಸ. ಜೊತೆಗೆ ಆಗಷ್ಟೇ ಶುರುವಾಗಿದ್ದ ಹಿಂದೂ ಜಿಮ್ಖಾನಾದಲ್ಲಿ ಆಟ. ಅಲ್ಲೂ ಕೆಲವು ಗುಜರಾತಿ ಸದಸ್ಯರ ವಿರೋಧ ಇತ್ತು. ಕೀರ್ತಿಕರ್ ಎಂಬ ನಾಯಕ ಅವರನ್ನು ಒಪ್ಪಿಸಿದರು.

ಆ ಕಾಲದ ಮುಂಬೈ ಕ್ರಿಕೆಟ್ ಧರ್ಮದ ಲೆಕ್ಕದಲ್ಲಿ ನಡೆಯುತ್ತಿತ್ತು. ಯುರೋಪಿಯನ್ನರದು ಒಂದು ತಂಡ, ಪಾರ್ಸಿಗಳದು ಒಂದು, ಹಿಂದೂಗಳದು ಒಂದು, ಮುಂದೆ ಮುಸ್ಲಿಮರದೂ ಒಂದು. ಹಾಗಾಗಿ ಬಾಲೂ ಹಿಂದೂ ತಂಡದ ಆಟಗಾರ. ದೇವಸ್ಥಾನದ ಒಳಗೆ ಹಿಂದೂ ಅಲ್ಲ, ಊರ ಬಾವಿಯ ಹತ್ತಿರ ಹಿಂದೂ ಅಲ್ಲ, ಸ್ಕೋರ್ ಬೋರ್ಡಿನ ಮೇಲೆ ಹಿಂದೂ.

1906ರ ಫೆಬ್ರವರಿಯಲ್ಲಿ ಹಿಂದೂಗಳು ಯುರೋಪಿಯನ್ನರ ವಿರುದ್ಧ ಆಡಿದರು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಗೆಲುವು 109 ರನ್‌ಗಳದು. ಬಾಲೂ ಎರಡು ಇನಿಂಗ್ಸ್ ಸೇರಿ 8 ವಿಕೆಟ್ ತೆಗೆದರು. ತಮ್ಮ ಶಿವರಾಮ್ ಕೂಡ ಆ ತಂಡದಲ್ಲಿದ್ದರು. ಬಂಗಾಳ ವಿಭಜನೆಯ ಮರುವರ್ಷ, ಸ್ವದೇಶಿ ಚಳವಳಿ ಕಾವೇರಿದ ಹೊತ್ತು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ದೊಡ್ಡದಾಯಿತು.

ಅಷ್ಟರಲ್ಲಿ ಜಿಮ್ಖಾನಾದೊಳಗೂ ಒಂದು ಬದಲಾವಣೆ ಆಗಿತ್ತು. ಪುಣೆಯಲ್ಲಿ ಹೊರಗೆ ಕುಡಿಕೆ ಹಿಡಿದು ನಿಲ್ಲುತ್ತಿದ್ದವರು ಮುಂಬೈಯಲ್ಲಿ ತಂಡದವರ ಜೊತೆ ಕೂತು ಉಣ್ಣುವಂತಾಗಿತ್ತು. ಸುಧಾರಕರ ಪತ್ರಿಕೆಯೊಂದು ಪಂದ್ಯದ ಗೆಲುವಿಗಿಂತ ಇದನ್ನೇ ದೊಡ್ಡ ಗೆಲುವು ಅಂತ ಬರೆಯಿತು. ನಿಜ, ಇದು ಸಣ್ಣ ಸಂಗತಿ ಅಲ್ಲ. ಆದರೆ ಬೆಲೆ ನೋಡಿ. ಒಂದು ಮೇಜಿನ ಮುಂದೆ ಕೂರಲು ಒಬ್ಬ ಮನುಷ್ಯ ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಕೆಟ್ ತೆಗೆಯುತ್ತಲೇ ಇರಬೇಕಾಯಿತು. ಅಷ್ಟು ಚೆನ್ನಾಗಿ ಚೆಂಡು ತಿರುಗಿಸಲು ಬಾರದ, ಅವರದೇ ಕೇರಿಯ ಉಳಿದವರು ಎಲ್ಲಿ ಕೂರಬೇಕಿತ್ತು?

ಇಂಗ್ಲೆಂಡಿನ ಆ ಬೇಸಿಗೆ

1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19. ತಂಡದ ಆಯ್ಕೆಯಲ್ಲೂ ಧರ್ಮದ ಪಾಲು: 6 ಪಾರ್ಸಿಗಳು, 5 ಹಿಂದೂಗಳು, 3 ಮುಸ್ಲಿಮರು. ಆ ಐವರು ಹಿಂದೂಗಳಲ್ಲಿ ಇಬ್ಬರು ಬಾಲೂ ಮತ್ತು ಶಿವರಾಮ್.

ಮಹಾರಾಜರಿಗೆ ಕ್ರಿಕೆಟ್ಟಿಗಿಂತ ಲಂಡನ್ನಿನ ಔತಣಕೂಟಗಳು ಮುಖ್ಯವಾದವು. ತಂಡ 23 ಪಂದ್ಯ ಆಡಿ 15 ಸೋತಿತು, 6 ಗೆದ್ದಿತು, 2 ಡ್ರಾ. ಈ ಸೋಲಿನ ನಡುವೆ ಬಾಲೂ ಒಬ್ಬರೇ 114 ವಿಕೆಟ್ ತೆಗೆದರು, ಸರಾಸರಿ 18.84. ಆಗ ಅವರ ವಯಸ್ಸು 35ರ ಆಸುಪಾಸು, ಭುಜದಲ್ಲಿ ನೋವು ಬೇರೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ 103 ರನ್‌ಗೆ 8 ವಿಕೆಟ್. ಲಾರ್ಡ್ಸ್‌ನಲ್ಲಿ ಎಂಸಿಸಿ ವಿರುದ್ಧ 96ಕ್ಕೆ 4. ಲೀಸ್ಟರ್‌ಶೈರ್ ವಿರುದ್ಧ ಎರಡು ಇನಿಂಗ್ಸ್‌ನಲ್ಲಿ 11 ವಿಕೆಟ್ ತೆಗೆದು ಗೆಲ್ಲಿಸಿದರು. ಸಾಮರ್‌ಸೆಟ್ ವಿರುದ್ಧ ಒಂದೇ ವಿಕೆಟ್ ಉಳಿದಿದ್ದಾಗ ತಂಡ ಗೆದ್ದಿತು. ಅಲ್ಲಿ ಶಿವರಾಮ್ ಔಟಾಗದೆ 113, ಬಾಲೂ 55. ಪುಣೆಯಲ್ಲಿ ಬ್ಯಾಟ್ ಮುಟ್ಟಲು ಬಿಡದಿದ್ದ ಕೈಯಿಂದ ಬಂದ ರನ್ ಅವು.

ಮುಂಬೈಗೆ ಮರಳಿದಾಗ ದಲಿತ ಸಮುದಾಯದವರು ಸಭೆ ಮಾಡಿ ಬಾಲೂ ಅವರಿಗೆ ಮಾನಪತ್ರ ಕೊಟ್ಟರು. ಆ ಸನ್ಮಾನದಲ್ಲಿ ಮುಂದೆ ನಿಂತವರಲ್ಲಿ ಕಾಲೇಜು ಓದುತ್ತಿದ್ದ ಒಬ್ಬ ಯುವಕನೂ ಇದ್ದರು: ಭೀಮರಾವ್ ಅಂಬೇಡ್ಕರ್. ಆ ತಲೆಮಾರಿನ ದಲಿತ ಹುಡುಗರಿಗೆ, ತಮ್ಮವರೊಬ್ಬರು ಇಡೀ ದೇಶದ ಮುಂದೆ ತಲೆಯೆತ್ತಿ ನಿಂತ ಮೊದಲ ಉದಾಹರಣೆ ಬಾಲೂ. ಮುಂದೆ ಅಂಬೇಡ್ಕರ್ ಅವರನ್ನು ಸಾರ್ವಜನಿಕ ಜೀವನಕ್ಕೆ ತರಲು ಪ್ರಯತ್ನಪಟ್ಟದ್ದೂ ಉಂಟು.

ನಾಯಕತ್ವ ಎಂಬ ಕೊನೆಯ ಗೇಟು

ಆಡಲು ಬಿಟ್ಟರು. ಉಣ್ಣಲು ಬಿಟ್ಟರು. ಇನ್ನು ಉಳಿದದ್ದು ಒಂದೇ: ಆಜ್ಞೆ ಮಾಡಲು ಬಿಡುವುದು.

1910ರ ದಶಕದುದ್ದಕ್ಕೂ ಹಿಂದೂ ತಂಡದಲ್ಲಿ ಬಾಲೂ ಅವರಿಗಿಂತ ಹಿರಿಯರೂ ಇಲ್ಲ, ಸಾಧನೆಯಲ್ಲಿ ದೊಡ್ಡವರೂ ಇಲ್ಲ. ಪ್ರತಿ ವರ್ಷ ಅವರ ಹೆಸರು ನಾಯಕತ್ವಕ್ಕೆ ಬರುವುದು, ಪ್ರತಿ ವರ್ಷ ಹಿಂದೆ ಸರಿಯುವುದು. ನಾಯಕರಾಗಿದ್ದವರು ಎಂ.ಡಿ. ಪೈ. ಸ್ವತಃ ಪೈ ಅವರೇ 1913ರ ಒಂದು ಸಮಾರಂಭದಲ್ಲಿ, ಈ ಗೌರವ ತನಗಿಂತ ಹಿರಿಯರಾದ ಬಾಲೂ ಅವರಿಗೆ ಸಲ್ಲಬೇಕಿತ್ತು ಎಂಬರ್ಥದಲ್ಲಿ ಮಾತಾಡಿದ್ದರು. ಎಲ್ಲರಿಗೂ ಗೊತ್ತಿತ್ತು ಅಂತಾಯಿತು. ಗೊತ್ತಿದ್ದೂ ಆಗಲಿಲ್ಲ. ಹನ್ನೊಂದು ಜನರಲ್ಲಿ ಒಬ್ಬನಾಗಿ ದಲಿತ ಇರಬಹುದು. ಆದರೆ ಉಳಿದ ಹತ್ತು ಜನ ಸವರ್ಣರಿಗೆ ನೀನು ಇಲ್ಲಿ ನಿಲ್ಲು, ನೀನು ಅಲ್ಲಿ ಹೋಗು ಅಂತ ಅವನು ಹೇಳುವುದನ್ನು ಸಮಿತಿ ಊಹಿಸಿಕೊಳ್ಳಲೂ ತಯಾರಿರಲಿಲ್ಲ.

1920ರಲ್ಲಿ ಇದು ಬೀದಿಗೆ ಬಂತು. ಆ ವರ್ಷದ ಟೂರ್ನಿಗೆ ಪೈ ಅನಾರೋಗ್ಯದಿಂದ ಲಭ್ಯವಿರಲಿಲ್ಲ. ಬಾಲೂ ಅವರನ್ನು ತಂಡದಿಂದಲೇ ಬಿಟ್ಟರು. ಅವರ ಇನ್ನೊಬ್ಬ ತಮ್ಮ ವಿಠಲ್ ಆಗ ಒಳ್ಳೆಯ ಫಾರ್ಮ್‌ನಲ್ಲಿದ್ದ ಬ್ಯಾಟ್ಸ್‌ಮನ್. ಅವರನ್ನೂ ದಾಟಿ ಪುಣೆಯ ಡಿ.ಬಿ. ದೇವಧರ್ ಅವರನ್ನು ನಾಯಕರನ್ನಾಗಿ ಮಾಡಿದರು. ದೇವಧರ್ ಆಟದ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಇದ್ದದ್ದು ಆಯ್ಕೆಯ ಹಿಂದಿನ ಲೆಕ್ಕದ ಬಗ್ಗೆ. ವಿಠಲ್ ಮತ್ತು ಶಿವರಾಮ್ ತಂಡದಿಂದ ಹೊರಬಂದರು. ಸುಮ್ಮನೆ ಬರಲಿಲ್ಲ. ಜಾತಿಯ ಕಾರಣಕ್ಕೆ ತಮ್ಮನ್ನು ಕೆಳಗಿಡುವುದನ್ನು ಒಪ್ಪುವುದಿಲ್ಲ ಎಂದು ಪತ್ರಿಕೆಯಲ್ಲಿ ಬಹಿರಂಗ ಹೇಳಿಕೆ ಕೊಟ್ಟು ಬಂದರು.

ನನ್ನ ಪ್ರಕಾರ ಈ ಕುಟುಂಬದ ಅತಿದೊಡ್ಡ ಸಾಧನೆ 114 ವಿಕೆಟ್ ಅಲ್ಲ, ಈ ಹೇಳಿಕೆ. ಅದುವರೆಗೆ ಅವರು ಸಾಮರ್ಥ್ಯ ತೋರಿಸಿ ಕಾಯುತ್ತಿದ್ದರು. ಈಗ ಕಾಯುವುದನ್ನು ನಿಲ್ಲಿಸಿ, ಆಟವನ್ನೇ ತಡೆಹಿಡಿದರು. ಸಮಿತಿಗೆ ಅರ್ಥವಾದ ಭಾಷೆ ಅದು. ಜನ ಬೆಂಬಲಕ್ಕೆ ಬಂದರು. ರಾಜಿ ಆಯಿತು. ಪೈ ನಾಯಕರಾಗಿ ಮರಳಿದರು, ಬಾಲೂ ತಂಡಕ್ಕೆ ಬಂದು ಉಪನಾಯಕರಾದರು, ತಮ್ಮಂದಿರೂ ಬಂದರು. ಪಾರ್ಸಿಗಳ ವಿರುದ್ಧದ ಪಂದ್ಯದಲ್ಲಿ ಪೈ ಸ್ವಲ್ಪ ಹೊತ್ತು ಮೈದಾನದಿಂದ ಹೊರಗೆ ಹೋದರು. ಆ ಹೊತ್ತಿನಲ್ಲಿ ತಂಡವನ್ನು ನಡೆಸಿದವರು ಬಾಲೂ. ಮೂರು ದಶಕದ ಆಟಕ್ಕೆ ಸಿಕ್ಕ ನಾಯಕತ್ವ ಅಷ್ಟೇ. ಅದೂ ಬೇರೆಯವರು ಹೊರಗೆ ಹೋಗಿದ್ದಕ್ಕೆ.

1923ರಲ್ಲಿ ವಿಠಲ್ ಹಿಂದೂ ತಂಡದ ನಾಯಕರಾದರು. ಯುರೋಪಿಯನ್ನರನ್ನು ಸೋಲಿಸಿದಾಗ ಸವರ್ಣ ಪ್ರೇಕ್ಷಕರೇ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವರ ನಾಯಕತ್ವದ ನಾಲ್ಕು ವರ್ಷಗಳಲ್ಲಿ ಮೂರು ಸಲ ಟೂರ್ನಿ ಗೆದ್ದರು. ಅಣ್ಣ ಮುಂಬೈಯಲ್ಲಿ ಮೊದಲ ಸಲ ಆ ತಂಡಕ್ಕೆ ಆಡಿದಾಗಿನಿಂದ ತಮ್ಮ ನಾಯಕನಾಗುವವರೆಗೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಇದೇ ಲೆಕ್ಕ ಅಮೆರಿಕದಲ್ಲೂ ಇದೆ. ಅಲ್ಲಿನ ಬೇಸ್‌ಬಾಲ್‌ನಲ್ಲಿ ಕಪ್ಪು ಆಟಗಾರರಿಗೆ ದೊಡ್ಡ ಲೀಗ್‌ಗಳ ಬಾಗಿಲು ಮುಚ್ಚಿತ್ತು. 1947ರಲ್ಲಿ ಜಾಕಿ ರಾಬಿನ್ಸನ್ ಆ ಗೆರೆ ದಾಟಿದರು. ಜಗತ್ತೆಲ್ಲ ಚಪ್ಪಾಳೆ ತಟ್ಟಿತು. ಆದರೆ ದೊಡ್ಡ ಲೀಗ್‌ನ ಒಂದು ತಂಡವನ್ನು ನಡೆಸುವ ಮ್ಯಾನೇಜರ್ ಹುದ್ದೆ ಕಪ್ಪು ಮನುಷ್ಯನೊಬ್ಬನಿಗೆ ಸಿಕ್ಕಿದ್ದು 1975ರಲ್ಲಿ. ಔಟ್‌ಫೀಲ್ಡರ್ ಆಗಿ ಹೆಸರು ಮಾಡಿದ್ದ ಫ್ರಾಂಕ್ ರಾಬಿನ್ಸನ್ ಆ ಹುದ್ದೆಗೆ ಬಂದಾಗ ಜಾಕಿ ತೀರಿಕೊಂಡು ಸುಮಾರು ಎರಡೂವರೆ ವರ್ಷವಾಗಿತ್ತು. ನಡುವಿನ ಅಂತರ 28 ವರ್ಷ. ಎರಡು ದೇಶ, ಎರಡು ಆಟ, ಒಂದು ಜಾತಿ, ಇನ್ನೊಂದು ವರ್ಣಭೇದ. ಆಡಲು ಬಿಡುವುದಕ್ಕೂ ಆಳಲು ಬಿಡುವುದಕ್ಕೂ ನಡುವೆ ಎರಡೂ ಕಡೆ ಒಂದು ತಲೆಮಾರೇ ಕಳೆದುಹೋಯಿತು.

ಅಂಬೇಡ್ಕರ್ ಎದುರು

ಇಲ್ಲಿಗೆ ನಿಲ್ಲಿಸಿದರೆ ಕತೆ ಚೆಂದ. ಆದರೆ ಇದರ ಮುಂದಿನ ಭಾಗವೇ ಇವತ್ತಿನ ನಮಗೆ ಕಷ್ಟದ್ದು, ಹಾಗಾಗಿ ಬೇಕಾದ್ದು.

ಆಟ ಮುಗಿಸಿದ ಮೇಲೆ ಬಾಲೂ ರಾಜಕೀಯದ ಹತ್ತಿರ ಬಂದರು. ಅಷ್ಟರಲ್ಲಿ ಅವರನ್ನು ಆರಾಧಿಸುತ್ತಿದ್ದ ಯುವಕ ದಲಿತರ ನಾಯಕನಾಗಿ ಬೆಳೆದಿದ್ದರು. 1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. ಪ್ರಾಂತೀಯ ಶಾಸನಸಭೆಗಳಲ್ಲಿ 71 ಸ್ಥಾನ, ಅವಕ್ಕೆ ದಲಿತರೇ ಮತದಾರರು. ಇದರ ವಿರುದ್ಧ ಗಾಂಧಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದ ಆಯಿತು. ಸ್ಥಾನಗಳು 148ಕ್ಕೆ ಏರಿದವು, ಆದರೆ ಪ್ರತ್ಯೇಕ ಮತಕ್ಷೇತ್ರ ಹೋಗಿ ಜಂಟಿ ಮತದಾನ ಬಂತು. ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಪಿ. ಬಾಲೂ ಕೂಡ ಒಬ್ಬರು. ಮದ್ರಾಸಿನ ಎಂ.ಸಿ. ರಾಜಾ ಅವರ ಜೊತೆ ಸೇರಿ ಅಂಬೇಡ್ಕರ್ ಮನವೊಲಿಸಲು ಪ್ರಯತ್ನಪಟ್ಟವರೂ ಹೌದು. ಮುಂದೆ ಅಂಬೇಡ್ಕರ್ ಹಿಂದೂ ಧರ್ಮ ಬಿಡುವ ನಿರ್ಧಾರ ಪ್ರಕಟಿಸಿದಾಗಲೂ ಬಾಲೂ ವಿರೋಧಿಸಿದರು.

1937ರಲ್ಲಿ ಮುಂಬೈ ಶಾಸನಸಭೆಗೆ ಚುನಾವಣೆ. ಅಂಬೇಡ್ಕರ್ ತಮ್ಮ ಸ್ವತಂತ್ರ ಕಾರ್ಮಿಕ ಪಕ್ಷದಿಂದ ನಿಂತರು. ಅವರನ್ನು ಸೋಲಿಸಬೇಕಾದರೆ ದಲಿತರಲ್ಲೇ ಹೆಸರಿರುವ ಒಬ್ಬರು ಬೇಕು ಅಂತ ಕಾಂಗ್ರೆಸ್ ಹುಡುಕಿತು. ಅಂಬೇಡ್ಕರ್ ಮಹಾರ್, ಬಾಲೂ ಚಮ್ಮಾರ. ಲೆಕ್ಕ ಸ್ಪಷ್ಟವಾಗಿತ್ತು. ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸಲು ಬೇಕಾಗಿದ್ದ ಕೈ ಈಗ ಇನ್ನೊಬ್ಬ ದಲಿತನನ್ನು ಸೋಲಿಸಲು ಬೇಕಾಯಿತು. ಬಾಲೂ ಅವರಿಗೇ ಮೊದಲು ಹಿಂಜರಿಕೆ ಇತ್ತು. ಆದರೂ ನಿಂತರು. ಅಂಬೇಡ್ಕರ್‌ಗೆ 13,245 ಮತ, ಬಾಲೂ ಅವರಿಗೆ 11,225. ಎರಡು ಸಾವಿರದ ಅಂತರದಲ್ಲಿ ಸೋತರು.

ಇದನ್ನು ಓದಿ ಬಾಲೂ ಅವರನ್ನು ಕೈಗೊಂಬೆ ಅನ್ನುವವರಿದ್ದಾರೆ. ನಮ್ಮ ಸೋಷಿಯಲ್ ಮೀಡಿಯಾದ ತೀರ್ಪುಗಳ ವೇಗಕ್ಕೆ ಅದು ಒಪ್ಪುತ್ತದೆ ಕೂಡ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಅವರ ಅನುಭವ ಏನಿತ್ತು ನೋಡಿ. ಮೊದಲು ಹೊರಗೆ ಕುಡಿಕೆ, ಆಮೇಲೆ ಒಳಗೆ ಮೇಜು, ಆಮೇಲೆ ಉಪನಾಯಕತ್ವ, ಆಮೇಲೆ ತಮ್ಮನಿಗೆ ನಾಯಕತ್ವ. ನಿಧಾನವಾಗಿ ಆದರೂ ಹಿಂದೂ ಸಮಾಜ ಬದಲಾಗುತ್ತದೆ ಎಂಬುದಕ್ಕೆ ಅವರ ಬದುಕೇ ಸಾಕ್ಷಿಯಾಗಿ ಅವರಿಗೆ ಕಂಡಿರಬೇಕು. ಅದೇ ಬದುಕನ್ನು ಅಂಬೇಡ್ಕರ್ ಬೇರೆ ಥರ ಓದಿದರು. ಒಬ್ಬ ಅಸಾಮಾನ್ಯ ಮನುಷ್ಯನಿಗೇ ಇಷ್ಟು ಕಾಲ ಬೇಕಾದರೆ, ಸಾಮಾನ್ಯರಿಗೆ ಮೇಲಿನವರ ಮನಸ್ಸು ಕರಗುವವರೆಗೆ ಕಾಯುವ ದಾರಿ ದಾರಿಯೇ ಅಲ್ಲ. ಅವರಿಗೆ ಬೇಕಾದ್ದು ದಯೆ ಅಲ್ಲ, ಹಕ್ಕು. ನಾನು ಅಂಬೇಡ್ಕರ್ ಕಡೆ. ಆದರೆ ಬಾಲೂ ಯಾಕೆ ಆ ಕಡೆ ನಿಂತರು ಎಂಬುದು ಅರ್ಥವಾಗದೆ ಅಂಬೇಡ್ಕರ್ ಯಾಕೆ ಸರಿ ಎಂಬುದೂ ಪೂರ್ತಿ ಅರ್ಥವಾಗುವುದಿಲ್ಲ.

ಜಾಕಿ ರಾಬಿನ್ಸನ್ ಬದುಕಲ್ಲೂ ಇಂಥದೇ ಒಂದು ಘಟ್ಟ ಬಂತು. 1949ರಲ್ಲಿ ಎಡಪಂಥೀಯ ಕಪ್ಪು ಗಾಯಕ ಪಾಲ್ ರೋಬ್ಸನ್ ಅವರ ಮಾತುಗಳ ವಿರುದ್ಧ ಸಾಕ್ಷಿ ಹೇಳಲು ಅಮೆರಿಕದ ಸಂಸತ್ತಿನ ಸಮಿತಿ ಕರೆದದ್ದು ಅವರನ್ನೇ. ಹೋಗಿ ಹೇಳಿದರು, ಮುಂದೆ ಆ ಬಗ್ಗೆ ಪಶ್ಚಾತ್ತಾಪಪಟ್ಟರು. ಕೆಳಗಿನವರಿಂದ ಒಬ್ಬರು ಮೇಲೆ ಬಂದ ಕೂಡಲೇ, ಅವರನ್ನು ಅವರದೇ ಜನರ ಎದುರು ನಿಲ್ಲಿಸುವ ಚಾಳಿ ಅಧಿಕಾರಕ್ಕೆ ಎಲ್ಲ ಕಡೆ ಇದೆ. 1952ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತೆ ಅದನ್ನೇ ಮಾಡಿತು. ಮುಂಬೈಯಲ್ಲಿ ನಾರಾಯಣ ಕಾಜ್ರೋಲ್ಕರ್ ಅವರನ್ನು ನಿಲ್ಲಿಸಿತು. ಆ ಸಲ ಅಂಬೇಡ್ಕರ್ ಸೋತರು.

ಬಾಲೂ 1955ರ ಜುಲೈ 4ರಂದು ತೀರಿಕೊಂಡರು. ಮರುವರ್ಷ ಅಕ್ಟೋಬರ್‌ನಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದರು.

ಸಂಡೂರು, ಕಂಪ್ಲಿಯಿಂದ ನೋಡಿದರೆ

ಇದೆಲ್ಲ ಮುಂಬೈ, ಪುಣೆಯ ಕತೆ, ನಮಗೇನು ಅನ್ನಬಹುದು. ನಮ್ಮ ಮನೆ ಬಾಗಿಲಲ್ಲೇ ಇದರ ಎರಡು ಗುರುತುಗಳಿವೆ.

ಒಂದು, 1930ರ ದಶಕದ ಆರಂಭದಲ್ಲಿ ಸಂಡೂರಿನ ಅರಸರು ಅಲ್ಲಿನ ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ದಲಿತರಿಗೆ ತೆರೆದರು. ಆ ಕಾಲಕ್ಕೆ ಅದು ಧೈರ್ಯದ ಕೆಲಸ, ಗಾಂಧಿಯ ಮೆಚ್ಚುಗೆಯೂ ಸಿಕ್ಕಿತು. ಆದರೆ ಅದು ಅರಸರು ತೆರೆದ ಬಾಗಿಲು. ಅರಸರ ಮನಸ್ಸಿನ ಮೇಲೆ ನಿಂತಿದ್ದ ಬಾಗಿಲು. ಹಿಂದೂ ಜಿಮ್ಖಾನಾದ ಊಟದ ಮೇಜಿನ ಥರವೇ. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ಅಪರಾಧ ಮಾಡಿದಾಗ ಯಾರ ಮನಸ್ಸಿಗೂ ಕಾಯಬೇಕಿಲ್ಲ ಅಂತಾಯಿತು.

ಎರಡು, ನಮ್ಮ ವೋಟು. ಇವತ್ತು ಸಂಡೂರು, ಕಂಪ್ಲಿ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು, ಪಕ್ಕದ ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ. ಅಭ್ಯರ್ಥಿ ಮೀಸಲು ಸಮುದಾಯದವರು, ಮತ ಹಾಕುವವರು ಎಲ್ಲ ಜಾತಿಯವರು. ಈ ಜಂಟಿ ಮತದಾನದ ದಾರಿ ಗಟ್ಟಿಯಾದದ್ದು ಬಾಲೂ ಸಹಿ ಹಾಕಿದ ಆ ಒಪ್ಪಂದದಲ್ಲೇ. ಮೀಸಲು ಕ್ಷೇತ್ರದಲ್ಲಿ ಗೆದ್ದವರು ತಮ್ಮ ಜನರ ಮಾತು ಆಡುತ್ತಾರೋ, ಟಿಕೆಟ್ ಕೊಟ್ಟ ಪಕ್ಷದ ಮಾತು ಆಡುತ್ತಾರೋ ಎಂಬ ಪ್ರಶ್ನೆ ನಮ್ಮ ಊರಿನ ಚಹಾ ಅಂಗಡಿಗಳಲ್ಲಿ ಇವತ್ತಿಗೂ ಬಿಸಿಯಾಗಿದೆ. 1937ರಲ್ಲಿ ಮುಂಬೈಯ ಗಿರಣಿ ಕಾರ್ಮಿಕರ ಮುಂದೆ ಇದ್ದದ್ದೂ ಇದೇ ಪ್ರಶ್ನೆ.

ಕ್ರಿಕೆಟ್ ಅವರನ್ನು ಹೇಗೆ ನೆನೆಸಿಕೊಂಡಿತು ಅಂತ ಕೇಳಬೇಕಿಲ್ಲ. ದೇಶದ ದೊಡ್ಡ ಟೂರ್ನಿಗೆ ರಣಜಿ ಹೆಸರು. ಅವರು ಟೆಸ್ಟ್ ಆಡಿದ್ದು ಇಂಗ್ಲೆಂಡಿಗೆ. ದೇವಧರ್ ಹೆಸರಿನ ಟ್ರೋಫಿ ಇದೆ, ಅದು ಇರಲಿ, ಅವರು ಅರ್ಹರೇ. ದುಲೀಪ್, ಸಿ.ಕೆ. ನಾಯ್ಡು, ವಿಜಯ್ ಹಜಾರೆ, ಮುಷ್ತಾಕ್ ಅಲಿ, ವಿನೂ ಮಂಕಡ್ ಹೆಸರಿನವೂ ಇವೆ. 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್ ತೆಗೆದ ಬಾಲೂ ಹೆಸರಿನದು ಆ ಸಾಲಿನಲ್ಲಿ ಇಲ್ಲ. ಅವರು ಹುಟ್ಟಿದ ರಾಜ್ಯದಲ್ಲಿ ಒಂದು ಅಂತರ ಜಿಲ್ಲಾ ಟೂರ್ನಿಗೆ ಆ ಹೆಸರಿಡಲು ಯಾರ ಅಪ್ಪಣೆ ಬೇಕು?

ಹೆಸರು ಇಡುವುದು ಸುಲಭದ ಕೆಲಸ. ಅದಕ್ಕಿಂತ ಮೊದಲು ಮಾಡಬಹುದಾದ್ದು ಇನ್ನೊಂದಿದೆ. ಮುಂದಿನ ಭಾನುವಾರ ನಿಮ್ಮ ಊರಿನ ಮೈದಾನಕ್ಕೆ ಹೋದಾಗ ಯಾರು ಚೆನ್ನಾಗಿ ಆಡುತ್ತಾರೆ ಅಂತ ಮಾತ್ರ ನೋಡಬೇಡಿ. ಟೀಮ್ ಯಾರು ಮಾಡುತ್ತಾರೆ, ಫೀಲ್ಡಿಂಗ್ ಯಾರು ನಿಲ್ಲಿಸುತ್ತಾರೆ, ಪಂದ್ಯ ಮುಗಿದ ಮೇಲೆ ಯಾರು ಯಾರ ಮನೆಯ ಒಳಗೆ ಹೋಗಿ ನೀರು ಕುಡಿಯುತ್ತಾರೆ, ಯಾರು ಅಂಗಳದಲ್ಲೇ ನಿಲ್ಲುತ್ತಾರೆ, ಅದನ್ನೂ ನೋಡಿ. ಆಮೇಲೆ ಹೇಳಿ, ಆಟದಲ್ಲಿ ಜಾತಿ ಇದೆಯೋ ಇಲ್ಲವೋ.